ತಂಗಳು, ತಂಬುಳಿ, ತಂಬಿಟ್ಟು: ‘ತಣ್’ ಧಾತುವಿನ ಮೂರು ಆಹಾರವಾಚಿಗಳ ಅರ್ಥ ಮತ್ತು ಮೂಲ

ಆಹಾರಕ್ಕೆ ಸಂಬಂಧಿಸಿದ ಪದಗಳು ಯಾವುದೇ ಭಾಷೆಯ ಹಳೆಯ ಸ್ತರಕ್ಕೆ ಸೇರಿದವುಗಳಾಗಿರುತ್ತವೆ. ಅವು ದಿನನಿತ್ಯ ಬಾಯಲ್ಲಿ ಸುಳಿಯುವ ಕಾರಣದಿಂದಲೇ ಅವುಗಳ ಮೂಲದ ಕಡೆಗೆ ನಮ್ಮ ಗಮನ ಹೋಗುವುದು ವಿರಳ. ಕನ್ನಡದಲ್ಲಿ ಆರಿ ತಣ್ಣಗಾದ ಆಹಾರಕ್ಕೆ ಬಳಕೆಯಲ್ಲಿರುವ ‘ತಂಗಳು’ ಎಂಬ ಪದ ಅಂಥವುಗಳಲ್ಲಿ ಒಂದು. ಇಂದು ಈ ಪದವನ್ನು ಕೇಳಿದ ಕೂಡಲೇ ಮನಸ್ಸಿಗೆ ಬರುವುದು ಹಳೆಯದು, ಸಪ್ಪೆಯಾದುದು, ಮತ್ತೊಬ್ಬರಿಗೆ ಬಡಿಸಬಾರದ್ದು ಎಂಬ ಭಾವ. ‘ತಂಗಳು ಸುದ್ದಿ’, ‘ತಂಗಳು ವಿಚಾರ’ ಮುಂತಾದ ಲಾಕ್ಷಣಿಕ ಪ್ರಯೋಗಗಳಲ್ಲಿಯೂ ಇದೇ ಅವಜ್ಞೆ ಕಾಣಿಸುತ್ತದೆ. ಆದರೆ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಹಳೆಯದು ಎಂಬ ಅರ್ಥವಿಲ್ಲ. ಕೆಟ್ಟದ್ದು ಎಂಬ ಅರ್ಥವಂತೂ ಇಲ್ಲವೇ ಇಲ್ಲ. ಹಾಗಾದರೆ ಈ ಅರ್ಥ ಎಲ್ಲಿಂದ ಬಂದಿತು, ಯಾವ ದಾರಿಯಲ್ಲಿ ಬಂದಿತು ಎಂಬುದನ್ನು ಅದೇ ಧಾತುವಿನಿಂದ ಹುಟ್ಟಿದ ‘ತಂಬುಳಿ’ ಮತ್ತು ‘ತಂಬಿಟ್ಟು’ ಎಂಬ ಇನ್ನೆರಡು ಪದಗಳ ಜೊತೆಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವನ್ನು ಎತ್ತಿಕೊಳ್ಳಲು ನನ್ನದೇ ಒಂದು ತಪ್ಪು ಕಾರಣವಾಯಿತು. ಪಿಎಚ್.ಡಿ. ಪದವಿಗಾಗಿ ತುಮಕೂರು ಜಿಲ್ಲೆಯಲ್ಲಿ ಕ್ಷೇತ್ರಕಾರ್ಯ ಕೈಗೊಂಡಿದ್ದಾಗ ನಾನು ಸಿದ್ಧಪಡಿಸಿದ ಪದಕೋಶದ ಟಿಪ್ಪಣಿಯಲ್ಲಿ ‘ತಂಗಳು’ ಎಂಬುದರ ಎದುರಿಗೆ ‘ಹಳಸಿದ ಅನ್ನ’ ಎಂದು ಬರೆದುಕೊಂಡಿದ್ದೆ. ಅದನ್ನು ಓದಿ ಹೇಳಿದಾಗ ವಕ್ತೃಗಳಲ್ಲಿ ಒಬ್ಬರಾದ ಹಿರಿಯ ಮಹಿಳೆ ನಕ್ಕುಬಿಟ್ಟರು. ಹಳಸಿದ್ದು ಕಲಗಚ್ಚಿಗೆ ಹೋಗುತ್ತದೆ, ತಂಗಳು ಹೊಟ್ಟೆಗೆ ಹೋಗುತ್ತದೆ. ಇವೆರಡರ ವ್ಯತ್ಯಾಸ ತಿಳಿಯದವರು ಅಡುಗೆಯ ಮಾತನ್ನು ಏಕೆ ಬರೆಯಬೇಕು ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಅಕ್ಷರಸ್ಥರ ಕನ್ನಡದಲ್ಲಿ ಒಂದಾಗಿಹೋದ ಎರಡು ಅರ್ಥಗಳು ಆ ಮನೆಯಲ್ಲಿ ಇನ್ನೂ ಬೇರೆಬೇರೆಯಾಗಿಯೇ ಉಳಿದಿದ್ದವು. ನನ್ನ ಟಿಪ್ಪಣಿ ತಪ್ಪಾಗಿದ್ದುದು ಒಂದು ಪದದ ಅರ್ಥದಲ್ಲಿ ಮಾತ್ರವಲ್ಲ. ಆ ಮನೆಯವರು ಪ್ರತಿದಿನ ಬೆಳಗ್ಗೆ ಉಣ್ಣುತ್ತಿದ್ದುದನ್ನು ನಾನು ಕೆಟ್ಟ ಆಹಾರವೆಂದು ದಾಖಲಿಸಿದ್ದೆ.

೧. ಆರುವುದು, ತಣಿಯುವುದು, ಹಳಸುವುದು

ಒಲೆಯಿಂದ ಇಳಿದ ಆಹಾರ ಯಾವ ಯಾವ ಸ್ಥಿತಿಗಳನ್ನು ದಾಟುತ್ತದೆ ಎಂಬುದಕ್ಕೆ ಆಡುಗನ್ನಡದಲ್ಲಿ ಒಂದು ಸ್ಪಷ್ಟವಾದ ಶ್ರೇಣಿಯಿದೆ. ಮೊದಲನೆಯದು ‘ಬಿಸಿ’. ಎರಡನೆಯದು ‘ಆರಿದ್ದು’. ಇಲ್ಲಿರುವ ‘ಆರು’ ಎಂಬ ಕ್ರಿಯಾಪದ ಹಳಗನ್ನಡದಲ್ಲಿ ಶಕಟರೇಫದಿಂದ ಕೂಡಿದ ‘ಆಱು’. ಅನ್ನ ಆರುತ್ತದೆ, ಒದ್ದೆಬಟ್ಟೆ ಆರುತ್ತದೆ, ದೀಪ ಆರುತ್ತದೆ, ಗಾಯ ಆರುತ್ತದೆ. ಒಳಗಿನ ಕಾವೋ ತೇವವೋ ಉರಿಯೋ ಕಡಿಮೆಯಾಗಿ ಶಮನಗೊಳ್ಳುವುದು ಈ ಪ್ರಯೋಗಗಳಲ್ಲಿ ಸಮಾನವಾದ ಅಂಶ. ಮೂರನೆಯದು ‘ತಣ್ಣಗಾದದ್ದು’. ನಾಲ್ಕನೆಯದು ‘ತಂಗಳು’. ಐದನೆಯದು ‘ಹಳಸಿದ್ದು’. ಈ ಐದರಲ್ಲಿ ಮೊದಲ ನಾಲ್ಕು ಉಣ್ಣಲು ಯೋಗ್ಯವಾದವು. ಐದನೆಯದು ಮಾತ್ರ ಅಯೋಗ್ಯ.

ಗಮನಿಸಬೇಕಾದ ಸಂಗತಿಯೆಂದರೆ ಮೊದಲ ನಾಲ್ಕು ಪದಗಳು ಕಾವನ್ನು ಆಧರಿಸಿದವು, ಐದನೆಯದು ಕಾಲವನ್ನು ಆಧರಿಸಿದ್ದು. ‘ಹಳಸು’ ಎಂಬುದರ ಮೂಲದಲ್ಲಿರುವುದು ‘ಪೞ’, ಎಂದರೆ ಹಳೆಯದು. ಹೀಗೆ ಕಾವಿನ ಪದಗಳು ಮತ್ತು ಕಾಲದ ಪದ ಒಂದೇ ಶ್ರೇಣಿಯಲ್ಲಿದ್ದರೂ ಅವುಗಳ ನಡುವೆ ಒಂದು ಗೆರೆಯಿದೆ. ತಂಗಳು ಆ ಗೆರೆಯ ಈಚೆಗೆ ಇರುವ ಕೊನೆಯ ಪದ. ಅದು ಗೆರೆಯ ಆಚೆಗೆ ತಳ್ಳಲ್ಪಟ್ಟದ್ದೇ ಅದರ ಅರ್ಥಚರಿತ್ರೆ.

೨. ‘ತಣ್’ ಮತ್ತು ಅದರ ಕುಟುಂಬ

‘ತಣ್’ ಎಂಬುದು ದ್ರಾವಿಡ ಭಾಷೆಗಳಿಗೆ ಸಮಾನವಾದ ಧಾತು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ಅವರ ನಿಘಂಟು ಕನ್ನಡದಲ್ಲಿ ಇದರಿಂದ ಹುಟ್ಟಿದ ಹಲವು ರೂಪಗಳನ್ನು ಗುರುತಿಸಿದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದಕೋಶ (೧೯೬೧, ಪರಿಷ್ಕೃತ ಆವೃತ್ತಿ ೧೯೮೪) ಇದರ ಸಜಾತೀಯ ರೂಪಗಳನ್ನು ಇತರ ದ್ರಾವಿಡ ಭಾಷೆಗಳಿಂದ ಸಂಗ್ರಹಿಸಿಕೊಟ್ಟಿದೆ. ಕನ್ನಡದ ತಂಪು, ತಣ್ಣಗೆ, ತಣ್ಣೀರು, ತಂಗಾಳಿ, ಚಂದ್ರವಾಚಿಯಾದ ತಂಗದಿರ ಇವೆಲ್ಲವೂ ಈ ಕುಟುಂಬಕ್ಕೆ ಸೇರಿದವು.

ಈ ಕುಟುಂಬದ ಮುಖ್ಯವಾದ ಇನ್ನೊಂದು ಸದಸ್ಯ ‘ತಣಿ’ ಎಂಬ ಕ್ರಿಯಾಪದ. ತಣಿಯುವುದೆಂದರೆ ತಂಪಾಗುವುದೂ ಹೌದು, ತೃಪ್ತಿ ಹೊಂದುವುದೂ ಹೌದು. ಹಸಿವು ಒಂದು ಬಗೆಯ ಕಾವು, ಉಂಡ ಮೇಲಿನ ಸ್ಥಿತಿ ತಂಪು ಎಂಬ ಕಲ್ಪನೆ ಈ ಪದದಲ್ಲಿ ಅಡಗಿದೆ. ‘ಹೊಟ್ಟೆ ತಣ್ಣಗಿರಲಿ’ ಎಂದು ಉಂಡವರು ಉಣಿಸಿದವರನ್ನು ಹರಸುತ್ತಾರೆ. ಉಪಕಾರ ಮಾಡಿದವರನ್ನು ‘ತಂಪು ಹೊತ್ತಿನಲ್ಲಿ ನೆನೆಯಬೇಕು’ ಎನ್ನುತ್ತಾರೆ. ತಾಳ್ಮೆಯನ್ನು ಕಲಿಸುವ ಗಾದೆ ತಣ್ಣೀರನ್ನಾದರೂ ತಣಿಸಿ ಕುಡಿಯಲು ಹೇಳುತ್ತದೆ. ಈ ಧಾತುವಿಗೆ ಮತ್ತೊಂದು ಮುಖವೂ ಇದೆ: ಉಪವಾಸವಿರುವವರ ಸ್ಥಿತಿಯನ್ನು ‘ಹೊಟ್ಟೆಗೆ ತಣ್ಣೀರು ಬಟ್ಟೆ’ ಎಂದು ಹೇಳುವಾಗ ಅದೇ ತಂಪು ಹಸಿವಿನ ಸಂಕೇತವಾಗುತ್ತದೆ. ಆದರೂ ಒಟ್ಟಿನಲ್ಲಿ ನೋಡಿದರೆ ಜನಪದರ ನುಡಿಯಲ್ಲಿ ತಂಪು ಶುಭವಾಚಕ. ಇಂಥ ಶುಭದ ಕುಟುಂಬದಲ್ಲಿ ಹುಟ್ಟಿದ ತಂಗಳು ಮಾತ್ರ ಏಕೆ ಅವಮಾನಕ್ಕೆ ಪಾತ್ರವಾಯಿತು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

೩. ಮೂರು ಪದಗಳ ರಚನೆ

ಸಮಾಸದಲ್ಲಿ ಉತ್ತರಪದದ ಆದಿಯಲ್ಲಿರುವ ಕ, ತ, ಪ ವ್ಯಂಜನಗಳಿಗೆ ಗ, ದ, ಬ ಆದೇಶವಾಗಿ ಬರುವುದು ಕನ್ನಡ ವ್ಯಾಕರಣಕ್ಕೆ ಚಿರಪರಿಚಿತವಾದ ನಿಯಮ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾ ಪಠ್ಯದವರೆಗೆ ಇದರ ವಿವರಣೆ ನಡೆದುಬಂದಿದೆ. ಕಣ್ ಮತ್ತು ಪನಿ ಸೇರಿ ‘ಕಂಬನಿ’ಯಾಗುವುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ನಮ್ಮ ಮೂರು ಪದಗಳೂ ಇದೇ ಅಚ್ಚಿನಲ್ಲಿ ಮೂಡಿದವು.

ತಣ್ ಮತ್ತು ಕೂೞ್ ಸೇರಿ ತಂಗೂೞ್. ಅದು ತಂಗುಳ್ ಆಗಿ, ಮುಂದೆ ತಂಗಳು ಎಂದಾಯಿತು. ತಣ್ ಮತ್ತು ಪುಳಿ ಸೇರಿ ತಂಬುಳಿ. ತಣ್ ಮತ್ತು ಪಿಟ್ಟು ಸೇರಿ ತಂಬಿಟ್ಟು. ಒಂದು ತಣ್ಣನೆಯ ಕೂಳು, ಇನ್ನೊಂದು ತಣ್ಣನೆಯ ಹುಳಿ, ಮತ್ತೊಂದು ತಣ್ಣನೆಯ ಹಿಟ್ಟು.

ಇಲ್ಲಿ ಒಂದು ಐತಿಹಾಸಿಕ ಸೂಚನೆಯೂ ದೊರೆಯುತ್ತದೆ. ಪದಾದಿಯ ಪಕಾರ ಹಕಾರವಾಗುವ ಬದಲಾವಣೆ ಸುಮಾರು ಹತ್ತನೆಯ ಶತಮಾನದಿಂದ ಕಾಣಿಸಿಕೊಂಡು ನಡುಗನ್ನಡದ ವೇಳೆಗೆ ವ್ಯಾಪಕವಾಯಿತು. ಪಾಲು ಹಾಲಾಯಿತು, ಪುಳಿ ಹುಳಿಯಾಯಿತು, ಪಿಟ್ಟು ಹಿಟ್ಟಾಯಿತು. ಆದರೆ ಸಮಾಸದ ಒಳಗೆ ಸಿಕ್ಕಿಕೊಂಡು ಬಕಾರವಾಗಿದ್ದ ಪಕಾರ ಈ ಬದಲಾವಣೆಯಿಂದ ಪಾರಾಯಿತು. ಆದ್ದರಿಂದಲೇ ಪನಿ ಹನಿಯಾದರೂ ಕಂಬನಿ ಉಳಿಯಿತು. ಪುಳಿ ಹುಳಿಯಾದರೂ ತಂಬುಳಿ ಉಳಿಯಿತು. ‘ತಂಪು’ ಮತ್ತು ‘ಹುಳಿ’ ಸೇರಿ ತಂಬುಳಿಯಾಯಿತು ಎಂಬ ಪ್ರಚಲಿತ ವಿವರಣೆ ಅರ್ಥದ ದೃಷ್ಟಿಯಿಂದ ಸರಿಯಾದರೂ ಧ್ವನಿಯ ದೃಷ್ಟಿಯಿಂದ ಸಾಲದು. ಹುಳಿ ಇನ್ನೂ ಪುಳಿಯಾಗಿದ್ದ ಕಾಲದ ಅಚ್ಚನ್ನು ಈ ಪದ ಹೊತ್ತಿದೆ. ಇದರಿಂದ ಇಂದು ನಾವು ಉಣ್ಣುವ ತಂಬುಳಿಯ ಪಾಕವಿಧಾನವೇ ಅಷ್ಟು ಹಳೆಯದು ಎಂದು ಸಾಧಿಸಲಾಗದು. ಆದರೆ ಪದದ ರಚನೆ ಹಳೆಯ ಕನ್ನಡದ್ದು ಎನ್ನಲು ಅಡ್ಡಿಯಿಲ್ಲ.

ಅಡುಗೆಯ ಸಂದರ್ಭದಲ್ಲಿ ‘ತಣ್’ ಎಂಬ ವಿಶೇಷಣ ಮಾಡುತ್ತಿದ್ದ ಕೆಲಸವೂ ಈ ಮೂರು ಪದಗಳನ್ನು ಒಟ್ಟಿಗೆ ನೋಡಿದಾಗ ಸ್ಪಷ್ಟವಾಗುತ್ತದೆ. ‘ಹುಳಿ’ ಎಂಬುದು ಕುದಿಸಿದ ಮೇಲೋಗರದ ಹೆಸರು. ತಂಬುಳಿ ಕುದಿಸದೆ ಮಾಡಿದ ಹುಳಿ. ‘ಹಿಟ್ಟು’ ಹಳೆಯ ಮೈಸೂರಿನ ಕಡೆ ಬೇಯಿಸಿದ ರಾಗಿಮುದ್ದೆಯ ಹೆಸರು. ತಂಬಿಟ್ಟು ಹಾಗೆ ಬೇಯಿಸದೆ ಬೆಲ್ಲ ಬೆರೆಸಿ ಕಟ್ಟಿದ ಹಿಟ್ಟು. ಕೂಳು ಬೆಂದ ಅನ್ನ. ತಂಗಳು ಒಲೆಯ ಕಾವಿನಿಂದ ಬಹುದೂರ ಬಂದ ಅನ್ನ. ಹೀಗೆ ಮೂರರಲ್ಲಿಯೂ ‘ತಣ್’ ಆಹಾರಕ್ಕೂ ಬೆಂಕಿಗೂ ಇರುವ ಅಂತರವನ್ನು ಹೇಳುತ್ತದೆ. ಆಹಾರದ ಗುಣದೋಷಗಳ ವಿಚಾರವಾಗಿ ಅದು ಏನನ್ನೂ ಹೇಳುವುದಿಲ್ಲ.

೪. ಮೂವರು ಒಡಹುಟ್ಟಿದವರ ಮೂರು ಗತಿ

ಒಂದೇ ಧಾತು, ಒಂದೇ ಸಂಧಿನಿಯಮ, ಒಂದೇ ಬಗೆಯ ಅರ್ಥ. ಆದರೂ ಈ ಮೂರು ಪದಗಳ ಸಾಮಾಜಿಕ ಸ್ಥಾನಮಾನ ಒಂದೇ ಆಗಿಲ್ಲ.

ತಂಬಿಟ್ಟು ದೇವರ ಸನ್ನಿಧಿಗೆ ಹೋಯಿತು. ದಕ್ಷಿಣ ಕರ್ನಾಟಕದ ಗ್ರಾಮದೇವತೆಯ ಹಬ್ಬಗಳಲ್ಲಿ ಹೆಂಗಸರು ಅಕ್ಕಿಯನ್ನು ನೆನೆಸಿ, ಕುಟ್ಟಿ, ಬೆಲ್ಲ ಸೇರಿಸಿ ತಂಬಿಟ್ಟು ಕಟ್ಟುತ್ತಾರೆ. ಅದರ ನಡುವೆ ಕುಳಿ ಮಾಡಿ ಬತ್ತಿ ಹೊತ್ತಿಸಿ, ಹೂವಿನಿಂದ ಸಿಂಗರಿಸಿ, ತಲೆಯ ಮೇಲೆ ಹೊತ್ತು ಮೆರವಣಿಗೆಯಲ್ಲಿ ಹೋಗಿ ಆರತಿ ಬೆಳಗುತ್ತಾರೆ. ಮಾರಮ್ಮನಂಥ ಉಗ್ರದೇವತೆಗಳಿಗೆ ಮೊಸರನ್ನದ ಎಡೆಯೂ ಸಲ್ಲುತ್ತದೆ. ಸಿಡುಬು, ದಡಾರಗಳನ್ನು ದೇವಿಯ ಕಾವಿನ ರೂಪವೆಂದು ತಿಳಿದ ಜನ ಬೇವು, ಮಜ್ಜಿಗೆ, ಮೊಸರನ್ನಗಳಿಂದ ಆ ಕಾವನ್ನು ತಣಿಸಲು ಯತ್ನಿಸಿದರು. ತಂಪಾದ ಆಹಾರ ದೇವತೆಯನ್ನು ಶಾಂತಗೊಳಿಸುವ ಸಾಧನವೆಂಬ ನಂಬಿಕೆಯ ನೆರಳಿನಲ್ಲಿ ತಂಬಿಟ್ಟು ತನ್ನ ಗೌರವವನ್ನು ಉಳಿಸಿಕೊಂಡಿತು.

ತಂಬುಳಿ ಬಾಳೆಯೆಲೆಗೆ ಹೋಯಿತು. ಮಲೆನಾಡು, ಉತ್ತರ ಕನ್ನಡ ಮತ್ತು ಕರಾವಳಿಯ ಮನೆಗಳಲ್ಲಿ ಒಂದೆಲಗ, ದೊಡ್ಡಪತ್ರೆ, ಶುಂಠಿ, ಮೆಂತ್ಯ, ನೆಲ್ಲಿಕಾಯಿ, ಬಗೆಬಗೆಯ ಚಿಗುರುಕುಡಿಗಳನ್ನು ತೆಂಗಿನಕಾಯಿ, ಜೀರಿಗೆ, ಮೆಣಸಿನೊಂದಿಗೆ ಅರೆದು ಮಜ್ಜಿಗೆಯಲ್ಲಿ ಕದಡಿ ತಂಬುಳಿ ಮಾಡುತ್ತಾರೆ. ಆಡುಮಾತಿನಲ್ಲಿ ಇದು ‘ತಂಬ್ಳಿ’. ಸೊಪ್ಪನ್ನೋ ಮೆಂತ್ಯವನ್ನೋ ತುಸು ಬಾಡಿಸಿಕೊಳ್ಳುವುದುಂಟು, ಆದರೆ ಕಲಸಿದ ಮೇಲೆ ಕುದಿಸುವ ರೂಢಿಯಿಲ್ಲ. ಇಲ್ಲಿ ತಂಪು ಎಂಬುದಕ್ಕೆ ಇನ್ನೊಂದು ಅರ್ಥವೂ ಕೂಡಿಕೊಳ್ಳುತ್ತದೆ. ಮುಟ್ಟಿದರೆ ತಣ್ಣಗಿರುವುದು ಒಂದು. ದೇಹಕ್ಕೆ ತಂಪೆರೆಯುವುದು ಇನ್ನೊಂದು. ಜನಪದ ವೈದ್ಯದಲ್ಲಿ ಮೆಂತ್ಯ ತಂಪು, ಎಳನೀರು ತಂಪು. ಬಿಸಿಯಾಗಿ ಕುಡಿದರೂ ರಾಗಿ ಅಂಬಲಿ ತಂಪು. ಈ ಗುಣವಾಚಕ ಅರ್ಥ ತಂಬುಳಿಗೆ ಔಷಧಿಯ ಘನತೆಯನ್ನು ತಂದುಕೊಟ್ಟಿತು.

ತಂಗಳು ಕೂಲಿಯವರ, ಬೇಸಾಯಗಾರರ, ಮಕ್ಕಳ ಬೆಳಗಿನ ಊಟವಾಗಿ ಉಳಿಯಿತು. ರಾತ್ರಿ ಉಳಿದ ಅನ್ನಕ್ಕೆ ನೀರು ಹೊಯ್ದಿಟ್ಟು, ಬೆಳಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿಯೊಂದಿಗೆ ಉಣ್ಣುವುದು. ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವುದು. ಉತ್ತರ ಕರ್ನಾಟಕದಲ್ಲಿ ತಂಗಳ ರೊಟ್ಟಿಯನ್ನು ಮೊಸರು, ಚಟ್ನಿಗಳೊಂದಿಗೆ ತಿಂದು ಹೊಲಕ್ಕೆ ಹೋಗುವುದು. ಇವು ಸಾಮಾನ್ಯವಾದ ರೂಢಿಗಳಾಗಿದ್ದವು. ನೀರಿನಲ್ಲಿ ನೆನೆದ ಅನ್ನ ರಾತ್ರಿಯಲ್ಲಿ ತುಸು ಹುದುಗಿ ಹುಳಿಯಾಗುವುದು ಮೊಸರು ಹೆಪ್ಪಾಗುವಂಥದೇ ಒಂದು ಕ್ರಿಯೆ. ಯಾವ ಹಂತದವರೆಗೆ ಅದು ತಂಗಳು, ಯಾವ ಹಂತದಿಂದ ಹಳಸಿದ್ದು ಎಂಬುದನ್ನು ವಾಸನೆಯಿಂದಲೂ ಬೆರಳಿಗೆ ಹತ್ತುವ ಅಂಟಿನಿಂದಲೂ ತಿಳಿಯುವ ಜಾಣ್ಮೆ ಹೆಂಗಸರಿಗೆ ಇತ್ತು.

ಹಳೆಯ ಮೈಸೂರಿನ ಆಡುಮಾತಿನ ‘ತಂಗಳಿಟ್ಟು’ ಎಂಬ ಪದ ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ತಂಗಳು ಮತ್ತು ಹಿಟ್ಟು ಸೇರಿ ಆದದ್ದು ಇದು; ಅರ್ಥ ತಣ್ಣಗಾದ ಮುದ್ದೆ. ತಂಬಿಟ್ಟು ಎಂಬುದರ ಪದಶಃ ಅರ್ಥವೂ ತಣ್ಣನೆಯ ಹಿಟ್ಟೇ. ಒಂದು ದೇವಿಯ ಮುಂದೆ ಬೆಳಗುವ ಆರತಿ, ಇನ್ನೊಂದು ಆಳಿನ ಬೆಳಗಿನ ಗಂಗಳ. ಮಾತ್ರವಲ್ಲ, ‘ತಂಗಳಿಟ್ಟು’, ‘ತಂಗಳನ್ನ’, ‘ತಂಗಳ ರೊಟ್ಟಿ’ ಎಂಬ ಪ್ರಯೋಗಗಳು ತಂಗಳಿನೊಳಗಿನ ‘ಕೂೞ್’ ಸಂಪೂರ್ಣವಾಗಿ ಮರೆತುಹೋದುದನ್ನು ತೋರಿಸುತ್ತವೆ. ಕೂಳು ಎಂದರೆ ಅನ್ನವೆಂಬುದು ನೆನಪಿದ್ದಿದ್ದರೆ ‘ತಂಗಳನ್ನ’ ಎಂಬುದು ದ್ವಿರುಕ್ತಿಯಾಗುತ್ತಿತ್ತು. ಒಂದು ಆಹಾರದ ಹೆಸರಾಗಿದ್ದ ಪದ ಯಾವುದೇ ಆಹಾರಕ್ಕೆ ಅಂಟಿಸಬಹುದಾದ ವಿಶೇಷಣವಾಯಿತು. ವಿಶೇಷಣವಾದ ಪದ ಮುಂದೆ ಸುದ್ದಿಗೂ ವಿಚಾರಕ್ಕೂ ಅಂಟಿಕೊಂಡುದು ಸಹಜವೇ ಆಗಿದೆ.

೫. ಅರ್ಥಾಪಕರ್ಷದ ಕಾರಣಗಳು

ತಂಗಳಿನ ಅರ್ಥ ಕೆಳಕ್ಕಿಳಿಯಲು ಕನಿಷ್ಠ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ‘ಕೂಳು’ ಎಂಬ ಪದದ ಪತನ. ಹಳಗನ್ನಡದಲ್ಲಿ ಕೂೞ್ ಎಂಬುದು ಅನ್ನಕ್ಕೆ, ಆಹಾರಕ್ಕೆ ಇದ್ದ ಸಹಜವಾದ ಹೆಸರು. ಅನ್ನ, ಊಟ, ಭೋಜನ ಮುಂತಾದ ಪದಗಳು ಗೌರವದ ಸ್ಥಾನವನ್ನು ಆಕ್ರಮಿಸಿದಂತೆ ಕೂಳು ಬೈಗುಳದ ಪದವಾಯಿತು. ‘ಕೂಳಿಗೆ ದಂಡ, ಭೂಮಿಗೆ ಭಾರ’ ಎಂಬ ಗಾದೆಯಲ್ಲಿ ಅದರ ಇಂದಿನ ಸ್ಥಿತಿಯನ್ನು ಕಾಣಬಹುದು.

ಎರಡನೆಯದು, ಜನಪದ ನಿರುಕ್ತಿ. ‘ರಾತ್ರಿ ತಂಗಿದ್ದರಿಂದ ತಂಗಳು’ ಎಂಬ ವಿವರಣೆ ಬಹಳ ಜನಪ್ರಿಯವಾದುದು. ತಂಗು ಎಂಬುದು ಇಳಿದುಕೊಳ್ಳು, ಉಳಿ ಎಂಬರ್ಥದ ಬೇರೊಂದು ಧಾತು. ತಂಗುದಾಣ ಎಂಬ ಪದದಲ್ಲಿ ಇರುವುದು ಅದೇ. ತಂಗುಳ್ ಎಂಬ ಹಳೆಯ ರೂಪವೂ, ತಂಬುಳಿ ಮತ್ತು ತಂಬಿಟ್ಟುಗಳ ಸಮಾನ ರಚನೆಯೂ ಈ ವಿವರಣೆಯನ್ನು ಸಮರ್ಥಿಸುವುದಿಲ್ಲ. ಆದರೆ ಜನಪದ ನಿರುಕ್ತಿ ತಪ್ಪಾಗಿದ್ದರೂ ನಿಷ್ಫಲವಾಗಿರುವುದಿಲ್ಲ. ಅದು ಪದದ ಮೂಲವನ್ನು ತಿಳಿಸದಿದ್ದರೂ ಪದದ ಮುಂದಿನ ಅರ್ಥವನ್ನು ರೂಪಿಸುತ್ತದೆ. ಈ ನಿರುಕ್ತಿಯ ಮೂಲಕ ಕಾವಿನ ಪದ ಕಾಲದ ಪದವಾಗುವತ್ತ ಸರಿಯಿತು.

ಮೂರನೆಯದು, ಶಾಸ್ತ್ರದ ಪದದೊಂದಿಗೆ ಆದ ಸಮೀಕರಣ. ಸಂಸ್ಕೃತದಲ್ಲಿ ರಾತ್ರಿ ಕಳೆದ ಆಹಾರಕ್ಕೆ ‘ಪರ್ಯುಷಿತ’ ಎಂಬ ಹೆಸರಿದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಅದನ್ನು ತಾಮಸ ಆಹಾರಗಳ ಪಟ್ಟಿಯಲ್ಲಿ ಸೇರಿಸಿದೆ. ಧರ್ಮಶಾಸ್ತ್ರಗಳಲ್ಲಿಯೂ ಅದಕ್ಕೆ ನಿಷೇಧವಿದೆ. ಜೈನ ಆಚಾರದಲ್ಲಿ ರುಚಿಗೆಟ್ಟ ಆಹಾರ ‘ಚಲಿತರಸ’ವೆಂಬ ಹೆಸರಿನಲ್ಲಿ ಅಭಕ್ಷ್ಯಗಳ ಸಾಲಿಗೆ ಸೇರುತ್ತದೆ. ಪರ್ಯುಷಿತ ಎಂಬುದಕ್ಕೆ ಕನ್ನಡದಲ್ಲಿ ಅರ್ಥ ಹೇಳುವಾಗ ಸಹಜವಾಗಿ ಬರುವ ಪದ ತಂಗಳು. ಆದರೆ ಪರ್ಯುಷಿತ ಕಾಲವಾಚಕ, ತಂಗಳು ಮೂಲತಃ ಉಷ್ಣತಾವಾಚಕ. ಒಂದರ ಅರ್ಥವನ್ನು ಇನ್ನೊಂದರಿಂದ ಹೇಳುವಾಗ ಅರ್ಥದ ಜೊತೆಗೆ ನಿಷೇಧವೂ ವರ್ಗವಾಯಿತು ಎಂದು ತೋರುತ್ತದೆ. ತುಪ್ಪ ಎಣ್ಣೆಗಳ ಜಿಡ್ಡು ಸೇರಿದ ಆಹಾರ ಪರ್ಯುಷಿತವಾದರೂ ತಿನ್ನಬಹುದೆಂದು ಮನುಸ್ಮೃತಿಯ ಐದನೆಯ ಅಧ್ಯಾಯ ವಿನಾಯಿತಿ ನೀಡಿರುವುದು ಗಮನಾರ್ಹ. ಜಿಡ್ಡಿನ ಪದಾರ್ಥಗಳು ಯಾರ ಮನೆಯಲ್ಲಿ ಹೆಚ್ಚಾಗಿ ಉಳಿಯುತ್ತಿದ್ದವು, ಬರಿಯ ಅನ್ನವೋ ಮುದ್ದೆಯೋ ಯಾರ ಮನೆಯಲ್ಲಿ ಉಳಿಯುತ್ತಿತ್ತು ಎಂಬುದನ್ನು ಯೋಚಿಸಿದರೆ ಈ ನಿಯಮದ ಭಾರ ಯಾರ ಮೇಲೆ ಬಿದ್ದಿತೆಂಬುದು ತಿಳಿಯುತ್ತದೆ.

ನಾಲ್ಕನೆಯದೂ ಮುಖ್ಯವಾದುದೂ ಆದ ಕಾರಣ, ತಂಗಳು ಕೊಡುವ ವಸ್ತುವಾದುದು. ತನ್ನ ಮನೆಯ ಗಡಿಗೆಯಿಂದ ತಾನೇ ಬಡಿಸಿಕೊಂಡು ಉಣ್ಣುವ ತಂಗಳು ಒಂದು. ಇನ್ನೊಬ್ಬರ ಹಿತ್ತಿಲ ಬಾಗಿಲಲ್ಲಿ ನಿಂತು ಪಡೆಯುವ ತಂಗಳು ಇನ್ನೊಂದು. ಜೀತಪದ್ಧತಿಯಲ್ಲಿ ಊಟವೂ ಕೂಲಿಯ ಭಾಗವಾಗಿತ್ತು, ಒಡೆಯನ ಮನೆಯಲ್ಲಿ ಉಳಿದದ್ದು ಆಳಿನ ಪಾಲಿಗೆ ಬರುತ್ತಿತ್ತು. ಬೆಳಗ್ಗೆ ಬಿಸಿಯನ್ನು ಉಣ್ಣುವವರು ಮತ್ತು ಅವರಿಂದ ತಣ್ಣನೆಯದನ್ನು ಪಡೆಯುವವರು ಎಂಬ ಭೇದದಲ್ಲಿ ತಂಗಳು ಕೀಳುತನದ ಗುರುತಾಯಿತು. ೧೯೭೬ರಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನು ಜಾರಿಗೆ ಬಂದರೂ ಪದಕ್ಕೆ ಅಂಟಿದ ಅವಮಾನ ಬೇಗನೆ ತೊಲಗುವಂಥದಾಗಿರಲಿಲ್ಲ. ರಾಗಿ ಮತ್ತು ಅಕ್ಕಿಗಳ ವಿವಾದವನ್ನು ಚಿತ್ರಿಸಿದ ಕನಕದಾಸರ ‘ರಾಮಧಾನ್ಯಚರಿತೆ’ ಧಾನ್ಯಗಳ ನಡುವಿನ ಮೇಲುಕೀಳನ್ನು ಪ್ರಶ್ನಿಸಿತು. ಒಂದೇ ಧಾನ್ಯದ ಬಿಸಿ ಮತ್ತು ತಣ್ಣನೆಯ ರೂಪಗಳ ನಡುವೆಯೂ ಅಂಥದೇ ಮೇಲುಕೀಳು ಇದೆಯೆಂಬುದನ್ನು ತಂಗಳಿನ ಚರಿತ್ರೆ ತೋರಿಸುತ್ತದೆ.

೬. ಜನಪದ ವರ್ಗೀಕರಣದ ಸಾಕ್ಷ್ಯ

ತಣ್ಣಗಾಗುವುದೇ ದೋಷವಾಗಿದ್ದರೆ ತಣ್ಣಗಾದ ಆಹಾರವೆಲ್ಲವೂ ತಂಗಳು ಎನ್ನಿಸಿಕೊಳ್ಳಬೇಕಾಗಿತ್ತು. ಹಾಗಾಗಿಲ್ಲ. ಉತ್ತರ ಕರ್ನಾಟಕದಲ್ಲಿ ಹಲವು ದಿನಗಳವರೆಗೆ ಉಳಿಯುವ ಕಟಕ ರೊಟ್ಟಿಯನ್ನು ಯಾರೂ ತಂಗಳೆನ್ನುವುದಿಲ್ಲ. ಅಲ್ಲಿ ನಾಗರಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದೆಂಬ ಕಟ್ಟಳೆಯಿದೆ, ಅದಕ್ಕೆ ಮುಂಚಿನ ‘ರೊಟ್ಟಿ ಹಬ್ಬ’ದಲ್ಲಿ ರೊಟ್ಟಿಗಳನ್ನು ಸಿದ್ಧಪಡಿಸಿ ನೆರೆಹೊರೆಗೆ ಹಂಚುತ್ತಾರೆ. ಎಳ್ಳಮಾವಾಸ್ಯೆಯಂದು ಮೊದಲೇ ಮಾಡಿಟ್ಟ ರೊಟ್ಟಿ, ಭಕ್ಷ್ಯಗಳನ್ನು ಹೊಲಕ್ಕೆ ಒಯ್ದು ಭೂಮಿತಾಯಿಗೆ ಚರಗ ಚೆಲ್ಲಿ ತಾವೂ ಉಣ್ಣುತ್ತಾರೆ. ಇವು ಯಾವುವೂ ತಂಗಳಲ್ಲ, ಹಬ್ಬದ ಊಟ. ಅದೇ ರೀತಿ ಅನ್ನಕ್ಕೆ ಮೊಸರು ಕಲಸಿ ಗಂಟು ಕಟ್ಟಿಕೊಂಡು ಹೊರಟರೆ ಅದು ‘ಬುತ್ತಿ’. ಇದು ಸಂಸ್ಕೃತದ ‘ಭುಕ್ತಿ’ ಶಬ್ದದ ತದ್ಭವ. ಆರಿದ ಅನ್ನವೇ ಆದರೂ ಉಣ್ಣುವ ಕ್ರಿಯೆಯಿಂದ ಹೆಸರು ಪಡೆದ ಕಾರಣ ಬುತ್ತಿಗೆ ಅವಮಾನ ತಟ್ಟಲಿಲ್ಲ. ಆದ್ದರಿಂದ ಅವಮಾನವಿರುವುದು ಆಹಾರದ ತಂಪಿನಲ್ಲಿ ಅಲ್ಲ, ಅದನ್ನು ಯಾರು, ಯಾವಾಗ, ಯಾರ ಕೈಯಿಂದ ಪಡೆದು ಉಣ್ಣುತ್ತಾರೆ ಎಂಬುದರಲ್ಲಿ.

ನೆರೆಯ ಭಾಷೆಗಳ ಸಾಕ್ಷ್ಯವೂ ಇದನ್ನು ಪುಷ್ಟೀಕರಿಸುತ್ತದೆ. ತೆಲುಗಿನ ‘ಚಲ್ದಿ’, ‘ಚದ್ದಿ’, ‘ಸದ್ದಿ’ ಎಂಬ ರೂಪಗಳ ಹಿಂದಿರುವುದೂ ತಂಪು ಎಂಬ ಅರ್ಥವೇ. ಪೋತನನ ‘ಭಾಗವತ’ದ ದಶಮಸ್ಕಂಧದಲ್ಲಿ ಬಾಲಕೃಷ್ಣನು ಗೋಪಾಲಕರೊಂದಿಗೆ ಕುಳಿತು ಚಲ್ದಿಯನ್ನು ಉಣ್ಣುವ ಪ್ರಸಂಗ ಆಂಧ್ರದೇಶದಲ್ಲಿ ಮನೆಮಾತು. ತಮಿಳಿನ ‘ಪೞಯದು’ ಮತ್ತು ಮಲಯಾಳದ ‘ಪೞಂಕಞ್ಞಿ’ ಇವು ಕಾಲವನ್ನು ಆಧರಿಸಿದ ಹೆಸರುಗಳು. ಕನ್ನಡದಲ್ಲಿ ಕೆಟ್ಟ ಆಹಾರಕ್ಕೆ ಮೀಸಲಾದ ‘ಹಳಸು’ ಎಂಬುದರ ಧಾತುವೇ ಅಲ್ಲಿ ಉಣ್ಣುವ ಆಹಾರದ ಹೆಸರಾಗಿದೆ. ಒಡಿಯಾದ ‘ಪಖಾಳ’ವನ್ನು ವಿದ್ವಾಂಸರು ತೊಳೆಯುವುದು ಎಂಬರ್ಥದ ‘ಪ್ರಕ್ಷಾಲ’ ಧ್ವನಿಯಿಂದ ಬಿಡಿಸುತ್ತಾರೆ. ಅದು ಪುರಿಯ ಜಗನ್ನಾಥನಿಗೆ ನೈವೇದ್ಯವಾಗಿಯೂ ಸಲ್ಲುತ್ತದೆ. ನೀರಿನಲ್ಲಿ ನೆನೆದ ಅನ್ನವಾದ ಬಂಗಾಳಿಯ ‘ಪಾಂತಾ’ ಬಾಂಗ್ಲಾದೇಶದಲ್ಲಿ ಹೊಸವರ್ಷದ ದಿನದ ವಿಶೇಷ ಊಟವಾಗಿದೆ. ಒಂದೇ ಬಗೆಯ ಅನ್ನಕ್ಕೆ ಕಾವು, ಕಾಲ, ನೀರು ಎಂಬ ಮೂರು ಆಧಾರಗಳ ಮೇಲೆ ಹೆಸರುಗಳು ಹುಟ್ಟಿವೆ. ಅದರ ಗೌರವ ಅಗೌರವಗಳು ಮಾತ್ರ ಈ ಹೆಸರುಗಳನ್ನು ಅನುಸರಿಸಿಲ್ಲ. ಆಯಾ ಸಮಾಜ ಆ ಊಟವನ್ನು ಎಲ್ಲಿ ಇರಿಸಿತು ಎಂಬುದನ್ನು ಅನುಸರಿಸಿವೆ.

೭. ಸಮಾರೋಪ

ಇದುವರೆಗಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ತಂಗಳು ಎಂಬುದು ‘ತಣ್ಣನೆಯ ಕೂಳು’ ಎಂಬರ್ಥದ ಸಮಾಸಪದ. ತಂಬುಳಿ ಮತ್ತು ತಂಬಿಟ್ಟುಗಳು ಅದರ ಒಡಹುಟ್ಟಿದ ಪದಗಳು. ಮೂಲದಲ್ಲಿ ಅದು ಉಷ್ಣತೆಯನ್ನು ಹೇಳುತ್ತಿತ್ತು. ಕೂಳು ಎಂಬ ಪದದ ಪತನ, ‘ತಂಗು’ ಎಂಬ ಧಾತುವಿನೊಂದಿಗಿನ ಗೊಂದಲ, ಪರ್ಯುಷಿತದೊಂದಿಗಿನ ಸಮೀಕರಣ, ಜೀತ ಮತ್ತು ದಾನದ ಸಂದರ್ಭಗಳು ಸೇರಿ ಅದನ್ನು ಹಳಸಿದ್ದರ ಸಮೀಪಕ್ಕೆ ತಳ್ಳಿದವು. ತಂಬಿಟ್ಟನ್ನು ದೇವತೆಯೂ ತಂಬುಳಿಯನ್ನು ಔಷಧಿಯ ನಂಬಿಕೆಯೂ ಕಾಪಾಡಿದವು. ತಂಗಳನ್ನು ಕಾಪಾಡಲು ಹಸಿವಿನ ಹೊರತು ಬೇರೆ ಯಾರೂ ಇರಲಿಲ್ಲ.

ಶೀತಕಗಳು ಮನೆಮನೆಗೆ ಬಂದ ಮೇಲೆ ಜನ ಅವುಗಳಿಗೆ ವಿನೋದದಿಂದ ‘ತಂಗಳ ಪೆಟ್ಟಿಗೆ’ ಎಂಬ ಹೆಸರಿಟ್ಟರು. ಈ ಹಾಸ್ಯದಲ್ಲಿ ಒಂದು ಸತ್ಯವಿದೆ. ಇಂದು ಉಳ್ಳವರ ಮನೆಯಲ್ಲಿಯೇ ತಣ್ಣಗಾದ ಆಹಾರ ಹೆಚ್ಚು ಕಾಲ ಇರುತ್ತದೆ. ಆದರೆ ಅದನ್ನು ಯಾರೂ ತಂಗಳೆಂದು ಕರೆಯುವುದಿಲ್ಲ. ಪದ ಇನ್ನೂ ಬಡವರ ಗಂಗಳಕ್ಕೇ ಅಂಟಿಕೊಂಡಿದೆ.

ಪದಕೋಶಗಳನ್ನು ಸಿದ್ಧಪಡಿಸುವವರಿಗೂ ಜಾನಪದ ಸಂಗ್ರಾಹಕರಿಗೂ ಇದರಿಂದ ಒಂದು ಹೊಣೆ ಒದಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನಂಥ ಕೃತಿಗಳು ಗ್ರಂಥಸ್ಥ ಪ್ರಯೋಗಗಳನ್ನು ಶ್ರಮವಹಿಸಿ ಸಂಗ್ರಹಿಸಿಕೊಟ್ಟಿವೆ. ಆರಿದ್ದು, ತಣ್ಣಗಾದದ್ದು, ತಂಗಳು, ಹಳಸಿದ್ದು ಎಂಬ ಸೂಕ್ಷ್ಮ ಶ್ರೇಣಿಯಾದರೋ ಗ್ರಂಥಗಳಿಗಿಂತ ಹೆಚ್ಚಾಗಿ ಅಡುಗೆಮನೆಗಳಲ್ಲಿ ಉಳಿದುಕೊಂಡಿದೆ. ಅದನ್ನು ಬಳಸುವವರ ಬಾಯಿಂದಲೇ ಕೇಳಿ ದಾಖಲಿಸಬೇಕು. ನನ್ನ ಟಿಪ್ಪಣಿಯಲ್ಲಿ ‘ಹಳಸಿದ ಅನ್ನ’ ಎಂದಿದ್ದುದನ್ನು ಹೊಡೆದುಹಾಕಿ, ಅದರ ಮೇಲೆ ‘ತಣ್ಣಗಾದ, ಉಣ್ಣಲು ಯೋಗ್ಯವಾದ ಅನ್ನ, ಬೆಳಗಿನ ಊಟ’ ಎಂದು ತಿದ್ದಿದ್ದೇನೆ. ಆ ಹಿರಿಯರು ಕಲಿಸಿದ ಪಾಠ ಅದು.